ವೈದ್ಯಕೀಯ ಪರೀಕ್ಷೆಯ ವೇಳೆ ಮಗುವಿನ ಜೊತೆ ಯಾರಿರಬೇಕು?

ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿಬರುವ ನಮ್ಮ ಕರಾವಳಿಯವರಿಗೆ ದಾವಣಗೆರೆ ಜಿಲ್ಲೆ ಹೊಸದಲ್ಲ. ಅದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ, ಮನೆಯವರು ಪೊಲೀಸ್ ಠಾಣೆಗಿಂತ ಮೊದಲು ಪರಿಚಯದ ಶಿಕ್ಷಕಿ ಅಥವಾ ಧರ್ಮಭಗಿನಿಯ ಬಳಿ ಬರಬಹುದು. ಅಂತಹ ಸೇವೆಯಲ್ಲಿರುವವರಿಗಾಗಿ, ಇಲ್ಲಿಯ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರಿಗಾಗಿ ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. 2012ರ ಪೋಕ್ಸೊ ಕಾಯ್ದೆಯ 27ನೇ ಕಲಂ ಪ್ರಕಾರ ಎಫ್‌ಐಆರ್ ದಾಖಲಾಗದಿದ್ದರೂ ಪರೀಕ್ಷೆ ನಡೆಸಬಹುದು. "ಪೊಲೀಸರ ಪತ್ರ ತನ್ನಿ" ಎಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೂ ಹೋಗಬಹುದು. ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕು.

ಸಾಧ್ಯವಾದರೆ ಅದಕ್ಕೆ ಮುಂಚೆ ಸ್ನಾನ ಮಾಡಿಸಬೇಡಿ. ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿ ಒಯ್ಯಿರಿ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ 96 ಗಂಟೆಯೊಳಗೆ ದೇಹದಿಂದ ಮಾದರಿ ತೆಗೆಯುತ್ತಾರೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಸ್ನಾನವಾಗಿದ್ದರೆ, ದಿನ ಕಳೆದಿದ್ದರೆ? ಆಗಲೂ ಹೋಗಲೇಬೇಕು. ಗಾಯ ಕಾಣದಿದ್ದ ಮಾತ್ರಕ್ಕೆ ಮಗು ಸುಳ್ಳು ಹೇಳಿದೆ ಎಂದರ್ಥವಲ್ಲ.

ಪರೀಕ್ಷಾ ಕೊಠಡಿಯೊಳಗೆ ತಂದೆ ಅಥವಾ ತಾಯಿ, ಇಲ್ಲವೇ ಮಗು ನಂಬುವ ಬೇರೆ ಯಾರಾದರೂ ಇರಬೇಕೆಂದು ಅದೇ 27ನೇ ಕಲಂ ಹೇಳುತ್ತದೆ. ಹೆಣ್ಣುಮಗುವಾದರೆ ಪರೀಕ್ಷಿಸುವವರು ವೈದ್ಯೆಯೇ ಆಗಿರಬೇಕು. ಯಾರು ಒಳಗೆ ಬರಬೇಕೆಂದು ಮಗುವನ್ನೇ ಕೇಳಿ. ಕೆಲವೊಮ್ಮೆ ಅದು ಅಮ್ಮನ ಬದಲು ಹಾಸ್ಟೆಲಿನ ಸಿಸ್ಟರ್ ಬೇಕೆನ್ನಬಹುದು. ಅದಕ್ಕೆ ಯಾರೂ ಬೇಸರಪಡಬಾರದು. ಒಳಗಿರುವವರ ಕೆಲಸ ಚಿಕ್ಕದು: ತಲೆಯ ಬಳಿ ನಿಲ್ಲುವುದು, ಕೈ ಹಿಡಿಯುವುದು, ವೈದ್ಯೆ ಮುಂದೇನು ಮಾಡುವರೆಂದು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವುದು. "ಏನಾಯ್ತು ಮಗಾ" ಎಂದು ಮತ್ತೆ ಮತ್ತೆ ಕೆದಕುವುದು ಬೇಡ. ಹನ್ನೆರಡು ದಾಟಿದ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕು. ಮಗು ಬೇಡವೆಂದರೆ ಪರೀಕ್ಷೆಯನ್ನು ನಿಲ್ಲಿಸಬೇಕು. ಆದರೆ ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ. 'ಎರಡು ಬೆರಳಿನ ಪರೀಕ್ಷೆ' ಮಾಡುವುದು ದುರ್ನಡತೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಜೊತೆಗಿರುವವರಿಗೆ ಇದು ಗೊತ್ತಿದ್ದರೆ ಅಲ್ಲಿಯೇ ಆಕ್ಷೇಪಿಸಬಹುದು.

ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 19ನೇ ಕಲಂ ವಿಧಿಸುತ್ತದೆ. ಮಕ್ಕಳ ಸಹಾಯವಾಣಿ 1098. ಆರೋಪಿ ನಮ್ಮದೇ ಶಾಲೆಯವನಾಗಲಿ, ಚರ್ಚಿನವನಾಗಲಿ, ಕಾನೂನು ಒಂದೇ. ಫಾದರಿಗೆ ಹೇಳಿದರೆ ಸಾಕೆಂದುಕೊಳ್ಳುವುದು ತಪ್ಪು. ಪೋಪ್ ಫ್ರಾನ್ಸಿಸರು 2019ರಲ್ಲಿ ಹೊರಡಿಸಿದ ಆದೇಶವೂ ದೇಶದ ಕಾನೂನಿನಂತೆ ದೂರು ಕೊಡುವ ಹೊಣೆಯನ್ನು ತಪ್ಪಿಸುವುದಿಲ್ಲ. ಮಗುವಿನ ಗುರುತು ಎಲ್ಲಿಯೂ ಹೊರಬೀಳಬಾರದು. ಬಲಿಪೂಜೆಯ ಪ್ರಾರ್ಥನಾ ಕೋರಿಕೆಯಲ್ಲೂ ಹೆಸರು, ಊರು ಬೇಡ.

ಪರೀಕ್ಷೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ರಕ್ತಪರೀಕ್ಷೆಗೆ, ಆಪ್ತಸಮಾಲೋಚನೆಗೆ ವಾರ, ತಿಂಗಳುಗಳ ನಂತರ ಮತ್ತೆ ಬರಹೇಳುತ್ತಾರೆ. ಜಗಳೂರಿನ ಹಳ್ಳಿಯಿಂದ ದಾವಣಗೆರೆಗೆ ಬಂದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಬಸ್ಸಿನ ಖರ್ಚು ಯಾರು ಕೊಡುವರು, ಯಾರು ಜೊತೆಗೆ ಹೋಗುವರು ಎಂಬುದನ್ನು ಮೊದಲ ದಿನವೇ ಆಸ್ಪತ್ರೆಯ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ.