ಸೀಸದಿಂದ ಲಿಥಿಯಂವರೆಗೆ: ಬೆಂಗಳೂರಿನ ಎಲೆಕ್ಟ್ರಿಕ್ ಕಾರು ಮತ್ತು ಅದರ ಬ್ಯಾಟರಿ

ಕಾರ್ಖಾನೆಯಲ್ಲಾಗಲಿ, ಮನೆಯ ಶೆಡ್ಡಿನಲ್ಲಾಗಲಿ ಎಲೆಕ್ಟ್ರಿಕ್ ಕಾರು ಕಟ್ಟಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಬ್ಯಾಟರಿಯನ್ನು. ಕಾರಿನ ತೂಕ, ಬೆಲೆ, ಓಡುವ ದೂರ, ಕೂರಲು ಉಳಿಯುವ ಜಾಗ ಎಲ್ಲವೂ ಅದನ್ನೇ ಅವಲಂಬಿಸಿವೆ. ಬೆಂಗಳೂರಿನಲ್ಲಿ ಈ ಆಯ್ಕೆಗೆ ಸುಮಾರು ಮೂರು ದಶಕಗಳ ಚರಿತ್ರೆಯಿದೆ. ಆಯಾ ಕಾಲದಲ್ಲಿ ಸುಲಭವಾಗಿ ಸಿಗುವ, ಮನೆಯಲ್ಲೇ ಚಾರ್ಜ್ ಮಾಡಬಹುದಾದ, ಕೆಟ್ಟರೆ ಬದಲಿಸಲು ಕೈಗೆಟುಕುವ ಬ್ಯಾಟರಿಯೇ ಇಲ್ಲಿ ಗೆಲ್ಲುತ್ತ ಬಂದಿದೆ.

ಈ ಚರಿತ್ರೆಯ ಮೊದಲ ಹೆಸರು ರೇವಾ ಎಂಬ ಎಲೆಕ್ಟ್ರಿಕ್ ಕಾರು. ಅದರ ರೂವಾರಿ ಚೇತನ್ ಮೈನಿ ಅಮೆರಿಕದಲ್ಲಿ ಓದುತ್ತಿದ್ದಾಗ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ‘ಸನ್‌ರನ್ನರ್’ ಸೌರಕಾರಿನ ತಂಡದಲ್ಲಿದ್ದರು. ಆ ಕಾರು 1990ರ ಅಮೆರಿಕದ ಸೌರಕಾರು ಸ್ಪರ್ಧೆಯಲ್ಲಿ ಗೆದ್ದಿತು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಕೂಡಿ ರೇವಾ ಸಂಸ್ಥೆಯನ್ನು ಕಟ್ಟಿದವು. ಬೊಮ್ಮಸಂದ್ರದಲ್ಲಿ ತಯಾರಾದ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು.

ಅದಕ್ಕೆ ಆರಿಸಿಕೊಂಡದ್ದು ಸೀಸ-ಆಮ್ಲ ಬ್ಯಾಟರಿಯನ್ನು. ಫ್ರಾನ್ಸಿನ ಗಸ್ತೋ ಪ್ಲಾಂತೆ ಇದನ್ನು ರೂಪಿಸಿದ್ದು 1859ರಲ್ಲಿ. ಸೋನಿ ಕಂಪನಿ 1991ರಲ್ಲೇ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ತಂದಿದ್ದರೂ ಕಾರಿಗೆ ಬೇಕಾದಷ್ಟು ದೊಡ್ಡ ಪ್ಯಾಕಿನ ಬೆಲೆ ಆಗ ಎಟುಕುವಂತಿರಲಿಲ್ಲ. ಜನರಲ್ ಮೋಟರ್ಸ್ 1996ರಲ್ಲಿ ಹೊರತಂದ ಇವಿ-1 ಕಾರು ಕೂಡ ಶುರುವಾದದ್ದು ಸೀಸದಿಂದಲೇ. ರೇವಾದ ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ 8 ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಪಡೆಯಲಾಗಿತ್ತು. ಸುಮಾರು 200 ಆಂಪಿಯರ್-ಅವರ್ ಸಾಮರ್ಥ್ಯದ ಈ ಸಾಲಿನಲ್ಲಿ 9.6 ಕಿಲೋವ್ಯಾಟ್-ಅವರ್, ಅಂದರೆ ಹತ್ತು ಯೂನಿಟ್ಟಿಗೆ ತುಸು ಕಡಿಮೆ ವಿದ್ಯುತ್ ಹಿಡಿಸುತ್ತಿತ್ತು. ತೂಕ ಮಾತ್ರ ಕಾಲು ಟನ್ನಿಗೂ ಹೆಚ್ಚು.

ಪೆಟ್ರೋಲ್ ಕಾರಿನ ಬ್ಯಾಟರಿ ಈ ಕೆಲಸಕ್ಕೆ ಒದಗುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಬೇಕು. ಅದಕ್ಕಾಗಿ ಅದರೊಳಗೆ ತೆಳುವಾದ ಫಲಕಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ. ಅದನ್ನು ಪದೇ ಪದೇ ಪೂರ್ತಿ ಇಳಿಸಿದರೆ ಫಲಕಗಳ ಲೇಪ ಉದುರಿ ಬೇಗ ಸಾಯುತ್ತದೆ. ಗಂಟೆಗಟ್ಟಲೆ ಕಾರನ್ನು ಓಡಿಸುವ ಟ್ರಾಕ್ಷನ್ ಬ್ಯಾಟರಿಗೆ ದಪ್ಪ ಫಲಕ ಬೇಕು. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿಯೂ ಹೀಗೆ ಆಳವಾಗಿ ಇಳಿದು ಮತ್ತೆ ತುಂಬಿಕೊಳ್ಳಲೆಂದೇ ಮಾಡಿದ್ದು.

ಸೀಸದ ಬ್ಯಾಟರಿ ಆರೈಕೆ ಬೇಡುತ್ತದೆ. 6 ವೋಲ್ಟಿನ ಪ್ರತಿ ಬ್ಯಾಟರಿಯಲ್ಲಿ ಮೂರು ಸೆಲ್ಲುಗಳಂತೆ ರೇವಾದಲ್ಲಿ ಒಟ್ಟು 24 ಸೆಲ್ಲುಗಳು. ಪ್ರತಿಯೊಂದರಲ್ಲೂ ಫಲಕಗಳು ಆಮ್ಲದಲ್ಲಿ ಮುಳುಗಿರುವಂತೆ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬುತ್ತಿರಬೇಕು. ಬೋರ್‌ವೆಲ್ ನೀರು ಸುರಿದರೆ ಅದರಲ್ಲಿನ ಲವಣಗಳು ಫಲಕವನ್ನು ಕೆಡಿಸುತ್ತವೆ. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ ಆಮ್ಲವನ್ನು ಮೇಲೆಳೆದಾಗ ತೇಲುಗುಂಡು 1.28ರ ಹತ್ತಿರ ನಿಂತರೆ ಸೆಲ್ ಪೂರ್ತಿ ತುಂಬಿದೆ, 1.15ರ ಕೆಳಗಿಳಿದರೆ ಬಹುತೇಕ ಬರಿದಾಗಿದೆ. ಬರಿದಾದದ್ದನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ಫಲಕದ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸಾಲಿನಲ್ಲಿ ಒಂದು ಸೆಲ್ ಸೊರಗಿದರೂ ಇಡೀ ಸಾಲಿನ ಸಾಮರ್ಥ್ಯ ಅದರ ಮಟ್ಟಕ್ಕೇ ಇಳಿಯುತ್ತದೆ. ಬ್ಯಾಟರಿಗಳ ಮೇಲೆ ಸದಾ ಕಣ್ಣಿಡುವ ಕಂಪ್ಯೂಟರನ್ನು ರೇವಾ ಕಾರಿನಲ್ಲೇ ಅಳವಡಿಸಿದ್ದು ಇದಕ್ಕಾಗಿ.

ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಎಂದು ಕಂಪನಿ ಹೇಳುತ್ತಿತ್ತು. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ಚಾರ್ಜಿಗೆ ಸುಮಾರು 8 ಗಂಟೆ. ಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗಿಬರಲು ಇದು ಧಾರಾಳವಾಗಿತ್ತು. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ, ಯಲಹಂಕ ದಾಟಿ ಸಿಗುವ ಚಿಕ್ಕಜಾಲದ ಲೆಕ್ಕ ಬೇರೆ. ಬೊಮ್ಮಸಂದ್ರದಿಂದ ಅಲ್ಲಿಗೆ ಊರನ್ನು ಅಡ್ಡ ಹಾಯ್ದು ಸುಮಾರು 50 ಕಿ.ಮೀ.; ನಡುವೆ ಚಾರ್ಜ್ ಮಾಡದೆ ಮರಳುವಂತಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಗಿ ಜನರ ಓಡಾಟ ಉತ್ತರಕ್ಕೆ ಹಬ್ಬಿದಾಗ ಸೀಸದ ಮಿತಿ ಇನ್ನಷ್ಟು ಎದ್ದು ಕಂಡಿತು.

2009ರಲ್ಲಿ ರೇವಾ ಲಿಥಿಯಂ-ಅಯಾನ್ ಮಾದರಿಯನ್ನು ಹೊರತಂದಿತು. ಕಾರಿನ ತೂಕ ಸುಮಾರು 100 ಕಿಲೋ ಇಳಿದು, ಓಟ 120 ಕಿ.ಮೀ.ಗೆ ಏರಿತು. ಮರುವರ್ಷ ಮಹೀಂದ್ರಾ ಕಂಪನಿ ರೇವಾದ ಬಹುಪಾಲನ್ನು ಕೊಂಡಿತು. 2013ರಲ್ಲಿ ಬಂದ ಇ-ಟು-ಒ ಕಾರು ಲಿಥಿಯಂ ಮೇಲೆಯೇ ಓಡಿತು.

ಮನೆಯಲ್ಲಿ ಕಟ್ಟುವವರಿಗೆ ಆಗಲೂ ಸೀಸವೇ ಆಸರೆಯಾಗಿತ್ತು. ಬೆಂಗಳೂರಿನ ಸಯ್ಯದ್ ಸಜ್ಜನ್ ಅಹ್ಮದ್ ತಾವೇ ಕಟ್ಟಿದ ಸೌರಕಾರನ್ನು 2015ರಲ್ಲಿ ದೆಹಲಿಯ ವಿಜ್ಞಾನ ಉತ್ಸವಕ್ಕೆ ಸುಮಾರು 3,000 ಕಿ.ಮೀ. ಓಡಿಸಿಕೊಂಡು ಹೋದರು. ಅದರಲ್ಲಿದ್ದದ್ದು 100 ವ್ಯಾಟಿನ 5 ಸೌರಫಲಕ, 12 ವೋಲ್ಟ್ 100 ಆಂಪಿಯರ್-ಅವರಿನ 6 ಬ್ಯಾಟರಿ. ಇಂಥ ಬ್ಯಾಟರಿ ದಾರಿಯ ಯಾವ ಪಟ್ಟಣದಲ್ಲೂ ಸಿಗುತ್ತದೆ, ಯಾವ ಆಟೋ ಎಲೆಕ್ಟ್ರಿಷಿಯನ್ನನೂ ಅದನ್ನು ಬಲ್ಲ. ದೀರ್ಘ ಪ್ರಯಾಣದಲ್ಲಿ ಇದು ದೊಡ್ಡ ಬಲ. ಹಳೆಯದನ್ನು ಕೊಟ್ಟು ಹೊಸದಕ್ಕೆ ಬೆಲೆ ಇಳಿಸಿಕೊಳ್ಳುವ ಪದ್ಧತಿಯೂ ಸೀಸವನ್ನು ಉಳಿಸಿದೆ. ಬಳಸಿದ ಸೀಸದ ಬ್ಯಾಟರಿಯನ್ನು ಮಾರಾಟಗಾರರು ಮರಳಿ ಪಡೆಯಬೇಕೆಂಬ ಕೇಂದ್ರ ನಿಯಮ ಬಂದದ್ದು 2001ರಲ್ಲಿ, ರೇವಾ ರಸ್ತೆಗಿಳಿದ ವರ್ಷವೇ.

ಈಗ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳ ಬೆಲೆ ಇಳಿದು ಲೆಕ್ಕಾಚಾರ ಬದಲಾಗಿದೆ. ಚಿಕ್ಕಜಾಲದಿಂದ ಮೆಜೆಸ್ಟಿಕ್‌ಗೆ ಹೋಗಿಬರುವುದು ಸುಮಾರು 50 ಕಿ.ಮೀ. ಸಣ್ಣ ಕಾರೊಂದು ಕಿಲೋಮೀಟರಿಗೆ 120 ವ್ಯಾಟ್-ಅವರ್ ಬಳಸಿದರೆ 6 ಯೂನಿಟ್ ಬೇಕು. ಸೀಸ ಬಾಳಿಕೆ ಬರಬೇಕಾದರೆ ಅದರ ಅರ್ಧದಷ್ಟನ್ನೇ ಬಳಸುವುದು ಒಳ್ಳೆಯದು. ಹಾಗಾಗಿ 12 ಯೂನಿಟ್ಟಿನ, ಸುಮಾರು 340 ಕಿಲೋ ತೂಕದ ಸಾಲು ಹೊರಬೇಕು. ಫಾಸ್ಫೇಟ್ ಸೆಲ್ಲುಗಳಲ್ಲಿ ಶೇ. 80ರಷ್ಟು ಬಳಸಬಹುದಾದ್ದರಿಂದ ಏಳೂವರೆ ಯೂನಿಟ್, ಸುಮಾರು 75 ಕಿಲೋ ಸಾಕು. ಪ್ರತಿ ಸೆಲ್ಲಿನ ವೋಲ್ಟೇಜನ್ನು ಕಾಯುವ ನಿಯಂತ್ರಣ ಸರ್ಕಿಟ್ಟು ಇದಕ್ಕೆ ಕಡ್ಡಾಯ. ಅದಿಲ್ಲದೆ ಮಿತಿಮೀರಿ ಚಾರ್ಜ್ ಆದರೆ ಸೆಲ್ ಉಬ್ಬಿ ಅಪಾಯವಾಗುತ್ತದೆ. ನಿತ್ಯದ ದೂರ, ಅದಕ್ಕೆ ಬೇಕಾದ ಯೂನಿಟ್, ಮೋಟರಿಗೆ ಒಪ್ಪುವ ವೋಲ್ಟೇಜ್, ಚಾಸಿ ಹೊರಬಲ್ಲ ತೂಕ, ಕೊನೆಗೆ ಬೆಲೆ: ಈ ಕ್ರಮದಲ್ಲಿ ಲೆಕ್ಕ ಹಾಕಿದರೆ ಕಾರಿಗೆ ಸರಿಯಾದ ಬ್ಯಾಟರಿ ಯಾವುದೆಂದು ಖಚಿತವಾಗುತ್ತದೆ.