ರೈಲು ನಿಂತ ಮೇಲೆ ತೆರೆದ ದಾರಿ

ಇಂಗ್ಲೆಂಡಿನ ನಡುನಾಡಿನಲ್ಲಿರುವ ಡರ್ಬಿಶೈರ್ ಸೀಮೆಯಲ್ಲಿ ‘ವೈ’ ಎಂಬ ಪುಟ್ಟ ನದಿಯೊಂದಿದೆ. ಸುಣ್ಣಕಲ್ಲಿನ ಬೆಟ್ಟಗಳನ್ನು ಸಾವಿರಾರು ವರ್ಷ ಕೊರೆದು ಕೊರೆದು ಅದು ಮಾಡಿಕೊಂಡ ಕಣಿವೆಗೆ ಮಾನ್ಸಲ್ ಡೇಲ್ ಎಂದು ಹೆಸರು. ಕಣಿವೆಯ ಒಂದು ತಿರುವಿನಲ್ಲಿ ಐದು ಕಮಾನುಗಳ ಕಲ್ಲಿನ ಸೇತುವೆಯೊಂದು ನದಿಯನ್ನು ದಾಟುತ್ತದೆ. ಆ ನಾಡಿನ ಕ್ಯಾಲೆಂಡರುಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಇದರ ಚಿತ್ರ ತಪ್ಪದೆ ಇರುತ್ತದೆ. ಆದರೆ ಸೇತುವೆಯ ಮೇಲೆ ಈಗ ಹಳಿಗಳಿಲ್ಲ. 1968ರಲ್ಲಿ ಇಲ್ಲಿ ರೈಲು ನಿಂತುಹೋಯಿತು. ಈಗ ಅಲ್ಲಿ ನಡೆದಾಡುವವರು, ಸೈಕಲ್ ಸವಾರರು, ಗಾಲಿಕುರ್ಚಿಯಲ್ಲಿ ಕುಳಿತವರು, ಮಕ್ಕಳನ್ನು ತಳ್ಳುಬಂಡಿಯಲ್ಲಿಟ್ಟುಕೊಂಡ ತಾಯಂದಿರು ಕಾಣಿಸುತ್ತಾರೆ.

ಬೇಕ್‌ವೆಲ್ ಪಟ್ಟಣದ ಬಳಿಯಿಂದ ಬ್ಲ್ಯಾಕ್‌ವೆಲ್ ಮಿಲ್ ಎಂಬಲ್ಲಿಯವರೆಗೆ ಸುಮಾರು ಹದಿನಾಲ್ಕು ಕಿಲೋಮೀಟರ್ ಉದ್ದದ ಈ ಕಾಲುದಾರಿಗೆ ‘ಮಾನ್ಸಲ್ ಟ್ರೇಲ್’ ಎನ್ನುತ್ತಾರೆ. ಬಹುತೇಕರು ಇದನ್ನು ನಿಸರ್ಗದ ಸೊಬಗಿಗಾಗಿ ನಡೆಯುತ್ತಾರೆ. ಒಂದು ಕಾಲಕ್ಕೆ ಇದೇ ಹಾದಿಯನ್ನು ನಿಸರ್ಗದ ಕೊಲೆ ಎಂದು ಕರೆದವರಿದ್ದರು ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಾರದು.

ಇಬ್ಬರು ಡ್ಯೂಕರ ನಡುವೆ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮ್ಯಾಂಚೆಸ್ಟರ್ ಜಗತ್ತಿನ ಹತ್ತಿಬಟ್ಟೆಯ ರಾಜಧಾನಿ. ಲಂಡನ್ನಿನಿಂದ ಅಲ್ಲಿಗೆ ರೈಲು ಓಡಿಸುವುದೆಂದರೆ ಹಣದ ಹೊಳೆಯನ್ನೇ ತಿರುಗಿಸಿಕೊಂಡಂತೆ. ಈ ಆಸೆಯಿಂದ ಡರ್ಬಿ ನಗರದ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯೂ ಅದರ ಮಿತ್ರ ಕಂಪನಿಗಳೂ ಬೆಟ್ಟನಾಡಿನ ಮೂಲಕ ದಾರಿ ಹುಡುಕಿದವು. 1849ರಲ್ಲಿ ಹಳಿಗಳು ರೌಸ್ಲಿ ಎಂಬ ಹಳ್ಳಿಯವರೆಗೆ ಬಂದು ನಿಂತವು. ಮುಂದೆ ಇಬ್ಬರು ದೊಡ್ಡ ಜಮೀನುದಾರರ ನೆಲ ದಾಟಬೇಕಿತ್ತು. ಡೆವನ್‌ಶೈರಿನ ಡ್ಯೂಕನ ಚ್ಯಾಟ್ಸ್‌ವರ್ತ್ ಅರಮನೆಯ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಸ್ವತಃ ರೈಲಿನ ಉತ್ಸಾಹಿ. 1851ರಲ್ಲಿ ಲಂಡನ್ನಿನ ಸ್ಫಟಿಕ ಅರಮನೆಯನ್ನು ರೂಪಿಸಿ ಹೆಸರಾದವನೂ ಇವನೇ. ಆದರೆ 1858ರಲ್ಲಿ ಹಳೆಯ ಡ್ಯೂಕ್ ತೀರಿಕೊಂಡ ಮೇಲೆ ಅಧಿಕಾರಕ್ಕೆ ಬಂದವನು ತನ್ನ ಉದ್ಯಾನದ ನಡುವೆ ರೈಲು ಬೇಡವೆಂದ.

ಉಳಿದದ್ದು ವೈ ನದಿಯ ಕಣಿವೆ. ಅಲ್ಲಿ ರಟ್ಲೆಂಡಿನ ಡ್ಯೂಕನ ಹ್ಯಾಡನ್ ಹಾಲ್ ಎಂಬ ಮಧ್ಯಯುಗದ ಮಹಲು ಅಡ್ಡವಾಯಿತು. ಮಹಲಿನಿಂದ ನೋಡಿದರೆ ರೈಲು ಕಾಣಕೂಡದು ಎಂಬುದು ಅವನ ಷರತ್ತು. ಅದಕ್ಕಾಗಿ ಬೆಟ್ಟದ ಮೈಯನ್ನು ತೋಡಿ, ಹಳಿ ಹಾಸಿ, ಮೇಲೆ ಮತ್ತೆ ಮಣ್ಣು ಮುಚ್ಚಿ ಸುರಂಗ ಮಾಡಲಾಯಿತು. ಇದು ಬೆಟ್ಟ ದಾಟುವುದಕ್ಕೆ ಬೇಕಾಗಿದ್ದ ಸುರಂಗವಲ್ಲ, ಒಬ್ಬ ಶ್ರೀಮಂತನ ಕಣ್ಣಿಗೆ ಹಾಕಿದ ತೆರೆ. 1861ರಲ್ಲಿ ಕೆಲಸ ನಡೆಯುತ್ತಿದ್ದಾಗ ಅದರ ಒಂದು ಭಾಗ ಕುಸಿದು ಕೂಲಿಕಾರರು ಸತ್ತರು. ಬೇಕ್‌ವೆಲ್ ನಿಲ್ದಾಣದ ಗೋಡೆಯ ಮೇಲೆ ಡ್ಯೂಕನ ಲಾಂಛನವನ್ನು ಕೆತ್ತಿದ್ದು ಇಂದಿಗೂ ಇದೆ.

1863ರಲ್ಲಿ ಮಾರ್ಗ ಬಕ್ಸ್‌ಟನ್ ಪಟ್ಟಣವನ್ನು ಮುಟ್ಟಿತು. 1867ರಲ್ಲಿ ಮ್ಯಾಂಚೆಸ್ಟರಿನ ಕಡೆಯ ಕೊಂಡಿ ಕೂಡಿಕೊಂಡಿತು. ಮರುವರ್ಷ ಲಂಡನ್ನಿನಲ್ಲಿ ಕಂಪನಿಯ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣ ತೆರೆಯಿತು.

ಹತ್ತಿಯ ಎಳೆ

ಈ ಮಾರ್ಗ ಕಟ್ಟುತ್ತಿದ್ದ ವರ್ಷಗಳು ಕರ್ನಾಟಕಕ್ಕೂ ಸಂಬಂಧಪಟ್ಟವು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು ಬಾಗಿಲು ಹಾಕಿಕೊಂಡವು. ಅಲ್ಲಿಯ ವ್ಯಾಪಾರಿಗಳ ಕಣ್ಣು ಧಾರವಾಡದ ಕಪ್ಪು ಮಣ್ಣಿನ ಹತ್ತಿಯ ಮೇಲೆ ಬಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸಲು ಕಾರವಾರ ಬಂದರು ಬೇಕೆಂದು ಅವರು ಒತ್ತಾಯ ತಂದರು. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಅಂದರೆ ಒಂದೇ ಪಟ್ಟಣದ ಹಸಿವು ಇಂಗ್ಲೆಂಡಿನ ಒಂದು ಕಣಿವೆಯಲ್ಲಿ ಬಂಡೆ ಸಿಡಿಸಿತು, ಕನ್ನಡ ನಾಡಿನಲ್ಲಿ ಗಡಿಯನ್ನು ಬದಲಿಸಿತು.

ಮಾನ್ಸಲ್ ಟ್ರೇಲಿನ ಕೆಳಗೆ, ನದಿಯ ದಡದಲ್ಲಿ, ರೈಲಿಗಿಂತ ಹಳೆಯ ಎರಡು ಹತ್ತಿ ಗಿರಣಿಗಳ ಕಟ್ಟಡಗಳು ಕಾಣುತ್ತವೆ: ಕ್ರೆಸ್‌ಬ್ರೂಕ್ ಮತ್ತು ಲಿಟನ್. ನೀರಿನ ಬಲದಿಂದ ತಿರುಗುತ್ತಿದ್ದ ಇವುಗಳಲ್ಲಿ ದುಡಿದವರು ಬಹುಮಟ್ಟಿಗೆ ಅನಾಥ ಮಕ್ಕಳು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಅನಾಥಾಲಯದಿಂದ 1799ರಲ್ಲಿ ಗಿರಣಿ ಕೆಲಸಕ್ಕೆ ಸಾಗಿಸಲಾದ ರಾಬರ್ಟ್ ಬ್ಲಿಂಕೊ ಎಂಬ ಹುಡುಗ ಕೊನೆಗೆ ಲಿಟನ್ ಗಿರಣಿಗೆ ಬಂದು ಬಿದ್ದ. ಅಲ್ಲಿ ಉಂಡ ಹೊಡೆತ, ಹಸಿವುಗಳನ್ನು ಅವನು ದೊಡ್ಡವನಾದ ಮೇಲೆ ಪತ್ರಕರ್ತನೊಬ್ಬನಿಗೆ ಹೇಳಿ ಬರೆಸಿದ. 1832ರಲ್ಲಿ ಪುಸ್ತಕವಾಗಿ ಹೊರಬಂದ ಆ ಕಥನ ಮಕ್ಕಳ ದುಡಿಮೆಯ ವಿರುದ್ಧದ ಚಳವಳಿಗೆ ಬಲ ನೀಡಿತು. ಬ್ಲಿಂಕೊ ಹೊರಟ ಸೇಂಟ್ ಪ್ಯಾಂಕ್ರಾಸ್ ಬಡಾವಣೆಗೂ ಅವನು ಸೇರಿದ ಕಣಿವೆಗೂ ಏಳು ದಶಕಗಳ ನಂತರ ನೇರ ರೈಲು ಬಂದದ್ದು ಚರಿತ್ರೆಯ ಒಂದು ವಿಚಿತ್ರ.

ರಸ್ಕಿನ್ನನ ಸಿಟ್ಟು

ರೈಲು ಓಡತೊಡಗಿದ ಎಂಟು ವರ್ಷಗಳ ನಂತರ, 1871ರಲ್ಲಿ, ಜಾನ್ ರಸ್ಕಿನ್ ತನ್ನ ಸಿಟ್ಟನ್ನು ಬರಹಕ್ಕಿಳಿಸಿದ. ಕಲೆಯ ವಿಮರ್ಶಕನಾಗಿ ಹೆಸರಾದ ಆತ ಇಂಗ್ಲೆಂಡಿನ ಕಾರ್ಮಿಕರನ್ನು ಉದ್ದೇಶಿಸಿ ತಿಂಗಳಿಗೊಂದರಂತೆ ಪ್ರಕಟಿಸುತ್ತಿದ್ದ ಪತ್ರಗಳಲ್ಲಿ ಈ ಕಣಿವೆಯ ಪ್ರಸ್ತಾಪ ಬರುತ್ತದೆ. ಗ್ರೀಕರ ದೇವತೆಗಳು ಬಂದು ವಿಹರಿಸಬಹುದಾಗಿದ್ದ ಜಾಗವಿದು, ಅದರ ಬಂಡೆಗಳನ್ನು ಸಿಡಿಸಿ ಕಲ್ಲುಮಣ್ಣು ಸುರಿದಿರಿ, ಇಷ್ಟೆಲ್ಲ ಮಾಡಿ ಪಡೆದದ್ದೇನು ಎಂದು ಅವನ ಪ್ರಶ್ನೆ. ಬಕ್ಸ್‌ಟನ್ನಿನ ಮೂಢರು ಅರ್ಧ ಗಂಟೆಯಲ್ಲಿ ಬೇಕ್‌ವೆಲ್ ಸೇರಬಹುದು, ಬೇಕ್‌ವೆಲ್ಲಿನ ಮೂಢರು ಬಕ್ಸ್‌ಟನ್ ಸೇರಬಹುದು, ಅಷ್ಟೇ ಎಂಬುದು ಅವನ ಕಟಕಿಯ ಸಾರ.

ಇದೇ ರಸ್ಕಿನ್ ಭಾರತೀಯರಿಗೆ ಮತ್ತೊಂದು ಕಾರಣಕ್ಕಾಗಿ ಪರಿಚಿತ. 1904ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೊರಟಾಗ ಗೆಳೆಯ ಪೋಲಕ್ ಅವರ ಕೈಗೆ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನಿತ್ತರು. ಪ್ರಯಾಣದಲ್ಲಿ ಗಾಂಧೀಜಿ ಅದನ್ನು ಕೆಳಗಿಡಲಿಲ್ಲ, ಆ ರಾತ್ರಿ ಅವರಿಗೆ ನಿದ್ದೆಯೂ ಬರಲಿಲ್ಲ. ಫೀನಿಕ್ಸ್ ಆಶ್ರಮ ಹುಟ್ಟಿದ್ದು ಆ ಓದಿನಿಂದ. ಮುಂದೆ ಅವರು ಅದನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. 1909ರ ‘ಹಿಂದ್ ಸ್ವರಾಜ್’ನಲ್ಲಿ ರೈಲನ್ನು ಕಟುವಾಗಿ ಟೀಕಿಸಿದರು. ರೈಲನ್ನು ಹಳಿದವನ ಪುಸ್ತಕ ಅವರ ಬದುಕನ್ನು ಬದಲಿಸಿದ್ದು ಮಾತ್ರ ರೈಲಿನಲ್ಲಿಯೇ.

ನಡೆಯುವ ಹಕ್ಕು

ರಸ್ಕಿನ್ ಯಾರನ್ನು ಮೂಢರೆಂದನೋ ಅವರ ಕಡೆಯಿಂದಲೂ ಈ ಕಥೆಯನ್ನು ನೋಡಬೇಕು. ಮ್ಯಾಂಚೆಸ್ಟರ್, ಶೆಫೀಲ್ಡ್‌ಗಳ ಹೊಗೆಯಲ್ಲಿ ವಾರವೆಲ್ಲ ದುಡಿದ ಗಿರಣಿ ಕೆಲಸಗಾರರಿಗೆ ಭಾನುವಾರ ಒಂದಿಷ್ಟು ಹಸಿರು, ಒಂದಿಷ್ಟು ಶುದ್ಧ ಗಾಳಿ ಸಿಗುವಂತೆ ಮಾಡಿದ್ದು ರೈಲೇ. ಬೆಟ್ಟನಾಡಿನ ಸಣ್ಣ ನಿಲ್ದಾಣಗಳಲ್ಲಿ ಇಳಿದು ದಿನವಿಡೀ ನಡೆದು ಸಂಜೆಯ ರೈಲಿಗೆ ಹಿಂದಿರುಗುವುದು ಅವರಲ್ಲಿ ರೂಢಿಯಾಯಿತು. ಆದರೆ ಬೆಟ್ಟದ ಮೇಲಿನ ಬಯಲುಗಳೆಲ್ಲ ಹಕ್ಕಿಬೇಟೆಗಾಗಿ ಕಾದಿರಿಸಿದ ಶ್ರೀಮಂತರ ಆಸ್ತಿ. ಹೆಜ್ಜೆ ಇಟ್ಟರೆ ಕಾವಲುಗಾರರ ಬಡಿಗೆ. 1932ರ ಏಪ್ರಿಲ್ 24ರಂದು ನೂರಾರು ಮಂದಿ ಯುವಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಅಪ್ಪಣೆಯಿಲ್ಲದೆ ಹತ್ತಿದರು. ಐವರಿಗೆ ಸೆರೆವಾಸವಾಯಿತು. ಆ ಶಿಕ್ಷೆ ಜನರನ್ನು ಕೆರಳಿಸಿ, ನಡೆಯುವ ಹಕ್ಕು ರಾಜಕೀಯದ ಪ್ರಶ್ನೆಯಾಯಿತು. 1949ರಲ್ಲಿ ಕಾನೂನು ಬಂದು, 1951ರಲ್ಲಿ ಈ ‘ಪೀಕ್’ ಪ್ರದೇಶವೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ರೈಲಿಗೆ ಇಳಿಗಾಲ ಬಂದದ್ದು ಇದಾದ ಮೇಲೆ. 1948ರಲ್ಲಿ ರಾಷ್ಟ್ರೀಕರಣಗೊಂಡ ಬ್ರಿಟಿಷ್ ರೈಲ್ವೆ ವರ್ಷ ವರ್ಷವೂ ಹೆಚ್ಚು ನಷ್ಟ ತೋರಿಸತೊಡಗಿತು. ಬಸ್ಸು, ಲಾರಿ, ಸ್ವಂತ ಕಾರುಗಳು ಅದರ ಗಿರಾಕಿಗಳನ್ನು ಕಸಿದುಕೊಂಡಿದ್ದವು. 1963ರಲ್ಲಿ ರೈಲ್ವೆ ಮಂಡಳಿಯ ಮುಖ್ಯಸ್ಥ ಡಾ. ರಿಚರ್ಡ್ ಬೀಚಿಂಗ್ ನೀಡಿದ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂದಿತು. ಮಾನ್ಸಲ್ ಕಣಿವೆಯ ಮಾರ್ಗಕ್ಕೆ ಮತ್ತೊಂದು ಪೆಟ್ಟು ಬಿತ್ತು. ಲಂಡನ್-ಮ್ಯಾಂಚೆಸ್ಟರ್ ನಡುವಣ ಇನ್ನೊಂದು ಮಾರ್ಗದ ವಿದ್ಯುದೀಕರಣ 1966ರಲ್ಲಿ ಮುಗಿಯಿತು. ಆ ಕೆಲಸ ನಡೆಯುತ್ತಿದ್ದಷ್ಟು ಕಾಲ ‘ಮಿಡ್‌ಲ್ಯಾಂಡ್ ಪುಲ್‌ಮನ್’ ಎಂಬ ನೀಲಿ ಬಣ್ಣದ ಐಷಾರಾಮಿ ಡೀಸೆಲ್ ರೈಲು ಈ ಕಣಿವೆಯ ಮೂಲಕ ಓಡಿತ್ತು. ವಿದ್ಯುತ್ ರೈಲು ಬಂದ ಕೂಡಲೇ ಅದನ್ನು ತೆಗೆದರು. ಎರಡು ವರ್ಷಗಳಲ್ಲಿ ಮಾರ್ಗವೇ ಮುಚ್ಚಿತು.

ಸುರಂಗಗಳ ಬೀಗ

ಹನ್ನೆರಡು ವರ್ಷ ಪಾಳು ಬಿದ್ದಿದ್ದ ಜಾಗವನ್ನು 1980ರಲ್ಲಿ ರಾಷ್ಟ್ರೀಯ ಉದ್ಯಾನದ ಆಡಳಿತ ವಹಿಸಿಕೊಂಡಿತು. ಮರುವರ್ಷ ಕಾಲುದಾರಿ ತೆರೆಯಿತು. ಆದರೆ ಅಪಾಯದ ಭಯದಿಂದ ಸುರಂಗಗಳಿಗೆಲ್ಲ ಬೀಗ ಹಾಕಲಾಗಿತ್ತು. ಪ್ರತಿ ಸುರಂಗದ ಬಾಯಿಯಲ್ಲಿಯೂ ನಡೆಯುವವರು ದಾರಿ ಬಿಟ್ಟು, ಕಡಿದಾದ ಮೆಟ್ಟಿಲು ಇಳಿದು ಹತ್ತಿ ಸುತ್ತು ಹಾಕಬೇಕಿತ್ತು. ಸೈಕಲ್ಲಾಗಲೀ ಗಾಲಿಕುರ್ಚಿಯಾಗಲೀ ಮುಂದೆ ಹೋಗುವಂತಿರಲಿಲ್ಲ. ಮೂವತ್ತು ವರ್ಷ ಹೀಗೆಯೇ ನಡೆಯಿತು. ಕೊನೆಗೆ 2011ರ ಮೇ ತಿಂಗಳಲ್ಲಿ, ಸರಕಾರದ ಸಾರಿಗೆ ಇಲಾಖೆಯ ಹಣದಿಂದ ದುರಸ್ತಿಯಾಗಿ, ಹೆಡ್‌ಸ್ಟೋನ್, ಕ್ರೆಸ್‌ಬ್ರೂಕ್, ಲಿಟನ್, ಚೀ ಟಾರ್ ಸುರಂಗಗಳು ದೀಪಗಳೊಂದಿಗೆ ತೆರೆದವು. ಒಂದೊಂದೂ ಸುಮಾರು ನಾಲ್ಕು ನೂರು ಮೀಟರ್ ಉದ್ದದವು.

ಬೇಕ್‌ವೆಲ್ ಕಡೆಯಿಂದ ಹೊರಟವರು ಮೊದಲು ಹೊಲ, ಹುಲ್ಲುಗಾವಲುಗಳ ನಡುವೆ ಸಾಗುತ್ತಾರೆ. ಹೆಡ್‌ಸ್ಟೋನ್ ಸುರಂಗವನ್ನು ಹೊಕ್ಕರೆ ತಂಪು ಗಾಳಿ, ತೊಟ್ಟಿಕ್ಕುವ ನೀರು, ಉಗಿಬಂಡಿಗಳ ಮಸಿ ಹಿಡಿದ ಗೋಡೆ. ಹೊರಬಂದೊಡನೆ ಕಾಲ ಕೆಳಗೆ ಸೇತುವೆ, ಅದರ ಕೆಳಗೆ ನದಿ. ಇಡೀ ಕಣಿವೆ ಒಮ್ಮೆಲೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಮುಂದೆ ಸಿಗುವ ಮಿಲ್ಲರ್ಸ್ ಡೇಲ್ ನಿಲ್ದಾಣ ಹಳ್ಳಿಗಿಂತ ದೊಡ್ಡದು. ಬಕ್ಸ್‌ಟನ್ನಿಗೆ ಹೋಗುವವರು ರೈಲು ಬದಲಿಸುತ್ತಿದ್ದ ಜಂಕ್ಷನ್ ಅದು. ಪಕ್ಕದಲ್ಲಿ ಕೋಟೆಯಂತೆ ನಿಂತ ಸುಣ್ಣದ ಭಟ್ಟಿಗಳು 1880ರಿಂದ 1944ರವರೆಗೆ ಉರಿದವು. ಬಂಡೆ ಸಿಡಿಸಿ ಮಾಡಿದ ಕಡಿತಗಳಲ್ಲಿ ಈಗ ಕಾಡು ಆರ್ಕಿಡ್‌ಗಳು ಅರಳುತ್ತವೆ.

ಹಳೆಯ ರೈಲುದಾರಿ ಕಾಲುದಾರಿಯಾಗಲು ಹೇಳಿಮಾಡಿಸಿದಂತಿರುವುದಕ್ಕೆ ಕಾರಣವಿದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಏರು ಕಡಿದಾದರೆ ಅದು ಜಾರುತ್ತದೆ. ಆದ್ದರಿಂದ ನೂರು ಅಡಿ ಮುಂದೆ ಹೋದರೆ ಒಂದಡಿಯಷ್ಟೇ ಏರುವಂತೆ ದಾರಿಯನ್ನು ಹದಗೊಳಿಸಬೇಕಾಯಿತು. ಸುರಂಗ, ಸೇತುವೆ, ಕಡಿತಗಳೆಲ್ಲ ಬಂದದ್ದು ಅದಕ್ಕೇ. ಎಂಜಿನ್ನಿನ ದೌರ್ಬಲ್ಯಕ್ಕಾಗಿ ಮಾಡಿದ ಈ ಏರ್ಪಾಟು ಇಂದು ವಯಸ್ಸಾದವರಿಗೂ ಅಂಗವಿಕಲರಿಗೂ ಬೆಟ್ಟನಾಡಿನ ಬಾಗಿಲು ತೆರೆದಿದೆ.

ಕರ್ನಾಟಕದಲ್ಲಿಯೂ ಇಂಥದೊಂದು ಅಧ್ಯಾಯವುಂಟು. 1979ರಲ್ಲಿ ತೆರೆದ ಹಾಸನ-ಮಂಗಳೂರು ಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಲು ತೊಂಬತ್ತರ ದಶಕದಲ್ಲಿ ಮುಚ್ಚಿದಾಗ, ಸಕಲೇಶಪುರ-ಸುಬ್ರಹ್ಮಣ್ಯ ನಡುವಣ ಘಟ್ಟದ ಸುರಂಗ, ಸೇತುವೆಗಳು ಚಾರಣಿಗರ ಪಾಲಾದವು. ದಶಕದ ನಂತರ ರೈಲು ಮರಳಿತು, 2007ರಲ್ಲಿ ಪ್ರಯಾಣಿಕರೂ ಮರಳಿದರು. ಈಗ ಆ ಹಳಿಗಳ ಮೇಲೆ ನಡೆಯುವುದು ಕಾನೂನಿನ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ರೈಲು ಮರಳಿದರೆ ಕಾಲುದಾರಿ ಉಳಿಯದು ಎಂಬುದಕ್ಕೆ ಅದು ಸಾಕ್ಷಿ.

ಮಾನ್ಸಲ್ ಕಣಿವೆಯ ಮುಂದಿರುವುದೂ ಇದೇ ಪ್ರಶ್ನೆ. ಡರ್ಬಿಗೂ ಮ್ಯಾಂಚೆಸ್ಟರಿಗೂ ನೇರ ರೈಲು ಮತ್ತೆ ಬೇಕೆಂದು ಅಲ್ಲಿ ಹಲವರು ಬಹುಕಾಲದಿಂದ ಕೇಳುತ್ತಿದ್ದಾರೆ. ಕಾರುಗಳಿಂದ ತುಂಬಿಹೋಗಿರುವ ರಾಷ್ಟ್ರೀಯ ಉದ್ಯಾನಕ್ಕೆ ರೈಲೇ ಮದ್ದು ಎಂಬ ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕಾಲುದಾರಿಯನ್ನು ಪ್ರೀತಿಸುವವರು ಒಪ್ಪುತ್ತಿಲ್ಲ. ಒಂದು ಕಾಲಕ್ಕೆ ಕಣಿವೆಯ ಹೆಸರಿನಲ್ಲಿ ರೈಲನ್ನು ವಿರೋಧಿಸಿದಂತೆಯೇ ಇಂದೂ ವಿರೋಧ ಕೇಳಿಬರುತ್ತಿದೆ. ಆದರೆ ಉಳಿಸಿಕೊಳ್ಳಬೇಕಾದ ಸೊಬಗಿನಲ್ಲಿ ಈಗ ರಸ್ಕಿನ್ ಹಳಿದ ಆ ರೈಲಿನ ಸೇತುವೆಯೂ ಸೇರಿದೆ. ರೈಲು ನಿಂತ ಎರಡೇ ವರ್ಷಕ್ಕೆ, 1970ರಲ್ಲಿ, ಸರಕಾರ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು.