ಬೀಗ ತೆಗೆದಿಟ್ಟು ಕಲಿಯುವ ಪಾಠ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ, ಕ್ಷಮಿಸಿ. ಮೂರು ವಾರಾಂತ್ಯ ಒಂದೇ ಸಾಲಿನ ಜತೆ ಗುದ್ದಾಡುತ್ತಿದ್ದೆ... "ಸೆಗ್ಮೆಂಟೇಶನ್ ಫಾಲ್ಟ್"!

ಕಾಲೇಜಿನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿ ನನಗೆ 100ಕ್ಕೆ 84. ಬಫರ್ ಓವರ್‌ಫ್ಲೋ ಅಂದರೇನು ಅಂತ ಹತ್ತು ಅಂಕಕ್ಕೆ ಚಿತ್ರ ಸಮೇತ ಬರೆದವನು. ಅದೇ ನಾನು, ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಳತೆಯನ್ನೇ ನೋಡದೆ ಸ್ಟ್ರಿಂಗ್ ಕಾಪಿ ಮಾಡಿದ ಕೋಡ್ ಗ್ರಾಹಕರ ಯಂತ್ರದವರೆಗೂ ಹೋಗಿತ್ತು. ಹಿಡಿದದ್ದು ಹೊರಗಿನಿಂದ ಬಂದ ಪರೀಕ್ಷಕರು. ಚಿತ್ರ ಬರೆದ ಕೈಗೂ ಕೋಡ್ ಬರೆದ ಕೈಗೂ ಪರಿಚಯವೇ ಇರಲಿಲ್ಲ ಅನ್ನಿ.

ಆ ಅವಮಾನ ಹೊತ್ತು ಹುಡುಕಿದಾಗ ಸಿಕ್ಕಿದ್ದು ಸೀಡ್ ಲ್ಯಾಬ್ಸ್. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವೆನ್‌ಲಿಯಾಂಗ್ ಡು ಅವರು 2002ರಲ್ಲಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಶುರು ಮಾಡಿದ ಪ್ರಯೋಗಗಳ ಸಂಗ್ರಹ. ಮೊದಲು ಪಾಠಕ್ಕೆಂದೇ ಹುಟ್ಟಿದ ಮಿನಿಕ್ಸ್ ಮೇಲೆ, ಆಮೇಲೆ ಉಬುಂಟು ಮೇಲೆ. ಯಾರು ಬೇಕಾದರೂ ಇಳಿಸಿಕೊಂಡು, ತಮ್ಮದೇ ಲ್ಯಾಪ್‌ಟಾಪಿನೊಳಗಿನ ವರ್ಚುವಲ್ ಯಂತ್ರಕ್ಕೆ ತಾವೇ ಕನ್ನ ಹಾಕಿ ನೋಡಬಹುದು.

ಅಲ್ಲಿನ ಬಫರ್ ಓವರ್‌ಫ್ಲೋ ಪ್ರಯೋಗದ ಮಜಾ ಏನು ಗೊತ್ತೇ? ಕನ್ನ ಹಾಕುವ ಮೊದಲು ಒಂದೊಂದೇ ಬೀಗವನ್ನು ನಾವೇ ತೆಗೆದಿಡಬೇಕು. ಒಂದೊಂದು ಬೀಗದ ಹಿಂದೆಯೂ ಒಂದೊಂದು ಇಸವಿ ಇದೆ.

ಬೀಗಗಳೇ ಇಲ್ಲದ ಕಾಲವೂ ಇತ್ತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಫಿಂಗರ್ ಎಂಬ ಸೇವೆಯಲ್ಲಿ 512 ಬೈಟ್ ಹಿಡಿಯುವ ಜಾಗಕ್ಕೆ 536 ಬೈಟ್ ಸುರಿದರು. ಹೆಚ್ಚಾದದ್ದು ಪಕ್ಕದಲ್ಲಿದ್ದ ಹಿಂತಿರುಗುವ ವಿಳಾಸವನ್ನೇ ಅಳಿಸಿ ಬರೆಯಿತು. ಯಂತ್ರ ಮನೆಗೆ ಹೋಗುವ ಬದಲು ಕಳ್ಳ ಹೇಳಿದಲ್ಲಿಗೆ ಹೋಯಿತು!

1997ರಲ್ಲಿ ಸೋಲಾರ್ ಡಿಸೈನರ್ ಎಂಬ ಗುಪ್ತನಾಮದವರು ಸ್ಟ್ಯಾಕ್‌ನಲ್ಲಿರುವುದನ್ನು ಆದೇಶವೆಂದು ನಡೆಸದಂತೆ ಲಿನಕ್ಸ್‌ಗೆ ತೇಪೆ ಹಾಕಿದರು. ಅದೇ ವರ್ಷ ಅದನ್ನು ದಾಟುವ ಉಪಾಯವನ್ನೂ ತಾವೇ ಬರೆದು ತೋರಿಸಿದರು. (ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದವರು ಇವರೇ.) 1998ರಲ್ಲಿ ಕ್ರಿಸ್ಪಿನ್ ಕೋವನ್ ಮತ್ತು ಸಂಗಡಿಗರ ಸ್ಟ್ಯಾಕ್‌ಗಾರ್ಡ್ ಬಂತು. ವಿಳಾಸದ ಮುಂದೆ ಒಂದು ಕಾವಲು ಸಂಖ್ಯೆ. ಅದು ಕೆಟ್ಟಿದ್ದರೆ ಯಾರೋ ಒಳಗೆ ಬಂದಿದ್ದಾರೆ ಅಂತ. ಕಲ್ಲಿದ್ದಲ ಗಣಿಗೆ ಒಯ್ಯುತ್ತಿದ್ದ ಹಕ್ಕಿಯ ನೆನಪಿಗೆ ಅದಕ್ಕೆ ಕೆನರಿ ಎಂದು ಹೆಸರು. ಪ್ರತಿಸಲವೂ ವಿಳಾಸ ಕಲಸಿಬಿಡುವ ಉಪಾಯ 2001ರಲ್ಲಿ ಪ್ಯಾಕ್ಸ್ ತಂಡದ್ದು, ಲಿನಕ್ಸ್ ಮುಖ್ಯ ಕರ್ನಲ್‌ಗೆ ಬಂದದ್ದು 2005ರಲ್ಲಿ.

ಈಗ ನನ್ನ ಗುದ್ದಾಟಕ್ಕೆ ಬರೋಣ. ಇದೇ ದಾರಿಯ ಇನ್ನೊಂದು ಸಣ್ಣ ಮುಕ್ತ ಸಂಗ್ರಹಕ್ಕೆ ಕೈಜೋಡಿಸಿದ್ದೆ. ಬೀಗಗಳೆಲ್ಲ ತೆಗೆದಿವೆ, ಡಿಬಗ್ಗರ್ ಒಳಗೆ ದಾಳಿ ಗೆಲ್ಲುತ್ತದೆ, ಹೊರಗೆ ಸೋಲುತ್ತದೆ! ಕೊನೆಗೆ ತಿಳಿದದ್ದು: ಡಿಬಗ್ಗರ್ ತನ್ನದೇ ಒಂದೆರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಸೇರಿಸುತ್ತದೆ, ಅವೂ ಸ್ಟ್ಯಾಕ್‌ನಲ್ಲೇ ಕೂರುತ್ತವೆ, ವಿಳಾಸ ಕೆಲವು ಬೈಟ್ ಜರುಗುತ್ತದೆ. ಅಷ್ಟೇ.

ಉತ್ಸಾಹದಿಂದ ಒಂದು ಪುಟ ವಿವರಣೆ ಬರೆದು ಕಳಿಸಿದೆ. ನೋಡಿಕೊಳ್ಳುವವರು ನಯವಾಗಿಯೇ ಕತ್ತರಿ ಆಡಿಸಿದರು. ಉತ್ತರ ಕೊಟ್ಟುಬಿಟ್ಟರೆ ಕಲಿಯುವವರಿಗೆ ಉಳಿಯುವುದೇನು ಅಂತ ಅವರ ಪ್ರಶ್ನೆ. ಮೊದಲು ಸಿಟ್ಟು ಬಂತು. ಆಮೇಲೆ ನನ್ನ 84 ಅಂಕ ನೆನಪಾಯಿತು. ಉಳಿದದ್ದು ಎರಡೇ ಸಾಲು: ಡಿಬಗ್ಗರ್ ಒಳಗೂ ಹೊರಗೂ ವಿಳಾಸ ಅಚ್ಚು ಹಾಕಿಸಿ ನೋಡಿ, ವ್ಯತ್ಯಾಸ ಎಲ್ಲಿಂದ ಬಂತು ಯೋಚಿಸಿ.

ಆ ಎರಡು ಸಾಲು ಒಳಗೆ ಸೇರಿವೆ :-)

ಈಗ ಗೆಳೆಯನೊಬ್ಬ ಹೊಸ ಲ್ಯಾಪ್‌ಟಾಪ್ ತಂದಿದ್ದಾನೆ, ಅದರಲ್ಲಿ ಆರ್ಮ್ ಪ್ರೊಸೆಸರ್. ಇಂಟೆಲ್‌ಗೆ ಬರೆದ ಶೆಲ್‌ಕೋಡ್ ಅಲ್ಲಿ ನಡೆಯುವುದಿಲ್ಲ, ಮೊದಲಿನಿಂದ ಬರೆಯಬೇಕು. ಬರುವ ಶನಿವಾರ ಅದಕ್ಕೇ ಮೀಸಲು.